ಮುಗಿದ ಡಿಸೈನುಗಳೇ ಕಾಣೆ!

"ಮದುವೆಗೆ ಮುಂಚೇನೇ ನನ್ನ ಕೆಲಸಾನೆಲ್ಲ ಅಳಿಸಿಬುಟ್ರಲ್ಲಾ... ಸಮಾಧಾನ ಆಯ್ತಾ?"

ನಾಹಿದಾ ಕಂಪ್ಯೂಟರ್ ಡಬ್ಬವನ್ನು ಟೇಬಲ್ಲಿನ ಮೇಲೆ ಕುಕ್ಕಿದ ರಭಸಕ್ಕೆ ಮುಜಾಫರ್ ಎದ್ದು ನಿಂತ.

ತಿಪಟೂರಿನ ಒಂದೇ ಬೀದಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ, ಎದುರಿಗೆ ಅವಳದು ಕಂಪ್ಯೂಟರ್ ಎಂಬ್ರಾಯ್ಡರಿ. ಮದುವೆ ಸೀಸನ್ನು ಬೇರೆ. ಬ್ಲೌಸುಗಳ ರಾಶಿಯ ಮುಂದೆ ಕೂತು ಕೂತು ಅವಳಿಗೆ ರಾತ್ರಿ ನಿದ್ದೆಯೂ ಇರಲಿಲ್ಲ.

"ಬ್ಯಾಕಪ್ಪಿಂದ ಎಲ್ಲಾ ವಾಪಸ್ ಹಾಕಿದೀನಿ ಕಣ್ರೀ!"

"ಎಲ್ಲಿ? ಅರ್ಧಂಬರ್ಧ ಮಾಡಿಟ್ಟ ಡಿಸೈನ್ ಮಾತ್ರ ಇವೆ. ಮುಗಿಸಿದ್ದು ಒಂದೂ ಇಲ್ಲ!"

ಹೋದ ವಾರ ಅವನ ತಾಯಿ ಮೆಹಬೂಬ್ ಬೀ ಸಂಬಂಧ ಕೇಳಲು ಇವಳ ಮನೆಗೆ ಬಂದಿದ್ದರು. ಹೊರಡುವಾಗ, 'ಮದುವೆ ಆದ್ಮೇಲೆ ಮಿಷಿನ್ನು ಗಿಷಿನ್ನು ಯಾಕೆ ಬುಡಮ್ಮ' ಅಂದುಬಿಟ್ಟಿದ್ದರು. ಮುಜಾಫರ್ ಅಂದರೆ ನಾಹಿದಾಳಿಗೆ ಇಷ್ಟ. ಅದಕ್ಕೇ ಆ ಮಾತು ಮುಳ್ಳಿನ ಹಾಗೆ ನಾಟಿತ್ತು, ಸಂಬಂಧಕ್ಕೆ ಇನ್ನೂ ಹೂಂ ಅಂದಿರಲಿಲ್ಲ. ಅಷ್ಟರಲ್ಲಿ ಹಳೇ ಕಂಪ್ಯೂಟರ್ ಕೆಟ್ಟು, ಹೊಸದು ಇವನ ಕೈಯಿಂದಲೇ ಬಂದಿತ್ತು, ಹಳೇ ಡಿಸೈನುಗಳನ್ನು ಅದಕ್ಕೆ ತುಂಬಿಕೊಟ್ಟವನೂ ಇವನೇ.

'ಅಮ್ಮನ ಮಾತು ನಡೆಸೋಕೆ ಇವನೇ ಹೀಗೆ ಮಾಡಿದನಾ?' ದಣಿದ ಮನಸ್ಸು ಕೆಟ್ಟದ್ದನ್ನೇ ಮೊದಲು ಯೋಚಿಸುತ್ತೆ ನೋಡಿ.

ಮುಜಾಫರ್ ವೈರು ಜೋಡಿಸಿ ನೋಡಿದ. "ಫೈಲಿನ ಜಾಗ ಹಂಗೇ ತುಂಬೈತೆ. ಅಂದ್ರೆ ಎಲ್ಲೂ ಹೋಗಿಲ್ಲ. ಮುಗಿದಿದ್ದಕ್ಕೆ ಏನಾದ್ರೂ ಗುರುತು ಹಾಕ್ತೀರಾ?"

"ಫೈಲಿನ ಹೆಸರಿನ ಶುರುವಿಗೆ ಒಂದು ಚುಕ್ಕಿ. ಹೊಲಿದು ಮುಗಿಸಿದ ಬಟ್ಟೆಗೆ ನಮ್ಮ ಅಬ್ಬಾ ಚಾಕ್‌ಪೀಸಲ್ಲಿ ಚುಕ್ಕಿ ಇಡ್ತಾರಲ್ಲ, ಹಂಗೆ."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ! ಹೊಸ ಕಂಪ್ಯೂಟರಿಗೆ ನಾನು ವಿಂಡೋಸ್ ಬದಲು ಲಿನಕ್ಸ್ ಹಾಕಿದೀನಿ. ಇದರಲ್ಲಿ ಚುಕ್ಕಿಯಿಂದ ಶುರುವಾಗೋ ಫೈಲು ಕಣ್ಣಿಗೇ ಬೀಳಲ್ಲ ಕಣ್ರೀ!"

ಎರಡು ಕೀ ಒತ್ತಿದ. ನವಿಲು, ಮಾವಿನಕಾಯಿ, ಬಳ್ಳಿ... ಅವಳು ಕಷ್ಟಪಟ್ಟು ಮಾಡಿದ್ದೆಲ್ಲ ಪರದೆಯ ತುಂಬ ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ್ದರು!

ನಾಹಿದಾ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

"ನಿಮ್ಮನ್ನ ಅನುಮಾನ ಪಟ್ಟೆ... ನಿಮ್ಮ ಅಮ್ಮಿ ಮಿಷಿನ್ ಬೇಡ ಅಂದಿದ್ರು. ಅದಕ್ಕೇ..."

ಮುಜಾಫರನ ಮುಖ ಬಾಡಿತು. ಅಮ್ಮ ಅವನಿಗೆ ಈ ಮಾತನ್ನು ಹೇಳಿಯೇ ಇರಲಿಲ್ಲ. ತಕ್ಷಣ ಅವರಿಗೇ ಫೋನ್ ಮಾಡಿದ.

"ಅಮ್ಮೀ, ನಾಹಿದಾ ಮಿಷಿನ್ ಬಿಡಲ್ಲ. ಬಿಡೋದು ನಂಗೂ ಬೇಡ. ಕೆಲಸದ ಮೇಲೆ ಬಗ್ಗಿ ಕೂತಿರೋ ಅವ್ಳನ್ನ ದಿನಾ ಇಲ್ಲಿಂದ ನೋಡಿ ನೋಡೀನೇ ನಾನು ಇಷ್ಟಪಟ್ಟಿದ್ದು!"

ನಾಹಿದಾಳ ಅಳು ಗಕ್ಕನೆ ನಿಂತಿತು. ಇಷ್ಟು ದಿನ ಇದನ್ನ ನನಗೇ ಹೇಳಬಾರದಿತ್ತಾ!

"ಏನಂದ್ರು?" ಮೆಲ್ಲಗೆ ಕೇಳಿದಳು.

"'ಮೊದ್ಲು ಅವಳು ಒಪ್ಪಿದ್ಲಾ ಕೇಳೋ ದಡ್ಡ' ಅಂತಾವ್ರೆ."

"ಒಪ್ಪಿದೀನಿ ಅನ್ನಿ..." ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. "ಈಗ ಒಂಚೂರು ಮಲಗ್ಲಾ? ತುಂಬಾ ಸುಸ್ತಾಗಿದೆ."

"ಮಲ್ಕೊಳ್ಳಿ. ಅಲ್ಲೀವರ್ಗೂ ನಿಮ್ಮ ಅಂಗಡಿ ನಾನು ನೋಡ್ಕೋತೀನಿ."