ಶುಕ್ರವಾರದ ದನಿ

"ಏನ್ರೀ! ಪ್ರತಿ ಶುಕ್ರವಾರ ತಪ್ಪದೆ ಫೋನ್ ಮಾಡ್ತೀರಿ. ಎದುರಿಗೆ ಸಿಕ್ಕಾಗ ಗುರುತೇ ಇಲ್ಲದೋರ ಥರ ಮುಖ ತಿರುಗಿಸ್ತೀರಲ್ಲ!"

ಮೊಲಿಕಾ ಬೆಚ್ಚಿಬಿದ್ದಳು. ಗಾಡಿಯಲ್ಲಿ ಆಗಷ್ಟೇ ಕೇಳಿ ಕೊಂಡಿದ್ದ ಕಬ್ಬಿನ ಹಾಲು ತುಳುಕಿ ಬಿಳಿ ಅಂಗಿಯ ಮೇಲೆ ಬಿತ್ತು.

ನಾಮ್ ಪೆನ್ ನಗರದ ಹೊರವಲಯದ ಆ ಗಾರ್ಮೆಂಟ್ ಫ್ಯಾಕ್ಟರಿಗೆ ಅದು ಊಟದ ಬಿಡುವು. ಗೇಟಿನಿಂದ ಹುಡುಗಿಯರು ಹಿಂಡುಹಿಂಡಾಗಿ ಹೊರಗೆ ಬರುತ್ತಿದ್ದರು. ಅವರ ನಡುವೆ ಒಬ್ಬ ಗಂಡಸು. ಮುಖಕ್ಕೆಲ್ಲ ಮಸಿ, ಕುತ್ತಿಗೆಗೆ ಚೌಕುಳಿ ಟವೆಲು, ಬಾಯ್ತುಂಬಾ ನಗು.

"ನಾನು... ನಿಮಗೆ ಫೋನ್ ಮಾಡ್ತೀನಾ? ತಲೆ ಸರಿಯಿದೆ ತಾನೆ?"

"ಇದೇ! ಇದೇ ದನಿ!" ಅವನು ಗಂಟಲು ಸರಿಮಾಡಿಕೊಂಡು, ಹೆಣ್ಣು ದನಿ ತೆಗೆದು, ಅಣಕಿಸಿದ. "ನಮಸ್ಕಾರ. ನಿಮ್ಮ ಉತ್ತರ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸದ ಜಾಗ ಸುರಕ್ಷಿತವಾಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ..."

ಕಬ್ಬಿನ ಗಾಡಿಯ ಯೀಮ್ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊಲಿಕಾಳ ಕಿವಿ ಕೆಂಪಾಯಿತು. ಅಯ್ಯೋ ದೇವರೇ... ನಿಜವಾಗಿಯೂ ನಾನು ಹೀಗೆ ರಾಗ ಎಳೀತೀನಾ?

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ದೊಡ್ಡ ದೊಡ್ಡ ಬಟ್ಟೆ ಕಂಪನಿಗಳಿಗೆ ಸುಸ್ಥಿರತೆಯ ವರದಿ ಬರೆದುಕೊಡುವ ಕಚೇರಿಯಲ್ಲಿ ಮೊಲಿಕಾಗೆ ಕೆಲಸ. ಮೊದಲಾದರೆ ಕೋಟು ಹಾಕಿದವರು ಬಂದು, ಮ್ಯಾನೇಜರನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಏನಮ್ಮಾ, ಚೆನ್ನಾಗಿ ನೋಡ್ಕೋತಾರಾ?" ಅಂತ ಕೇಳಿ ಹೋಗುತ್ತಿದ್ದರು. ಈಗ ಕಾಲ ಬದಲಾಗಿದೆ ನೋಡಿ! ಕಂಪ್ಯೂಟರೇ ವಾರಕ್ಕೊಮ್ಮೆ ಎಲ್ಲ ಕೆಲಸಗಾರರಿಗೂ ಫೋನ್ ಮಾಡುತ್ತದೆ. ಉತ್ತರಗಳನ್ನು ರಾಶಿ ಹಾಕಿ, ಹಸಿರು ಕೆಂಪು ಬಣ್ಣ ಬಳಿದು, ವರದಿಯನ್ನೂ ತಾನೇ ಬರೆದುಬಿಡುತ್ತದೆ. ಅದಕ್ಕೊಂದು ದನಿ ಬೇಕಿತ್ತು. ಮುಚ್ಚಿದ ಕೋಣೆಯಲ್ಲಿ ಕೂತು ಮೊಲಿಕಾ ಓದಿಕೊಟ್ಟಿದ್ದಳು. ಅವಳ ದನಿ ಕಲಿತ ಯಂತ್ರ ಈಗ ಅವಳು ಹೇಳದ ಮಾತನ್ನೂ ಅವಳ ಹಾಗೇ ಹೇಳುತ್ತಿತ್ತು.

"ನೀವು ಏನು ಒತ್ತುತ್ತೀರಿ?" ಅಂಗಿ ಒರೆಸಿಕೊಳ್ಳುತ್ತಾ ಕೇಳಿದಳು.

"ಒಂದು. ಎಲ್ಲರೂ ಒಂದೇ. ಗುರುವಾರವೇ ಸೂಪರ್‌ವೈಸರ್ ಬಂದು ನೆನಪು ಮಾಡಿ ಹೋಗಿರ್ತಾನೆ." ಅವನ ನಗು ಸ್ವಲ್ಪ ಕುಂದಿತು. "ಆದ್ರೂ ಪೂರ್ತಿ ಕೇಳ್ತೀನಿ. ಇಡೀ ವಾರದಲ್ಲಿ ನನ್ನ ಹತ್ರ ಬೈಯದೆ ಮಾತಾಡೋದು ಅದೊಂದೇ ದನಿ."

ಅವನ ಹೆಸರು ಸಂಬಾತ್. ಬಾಯ್ಲರ್ ಮನೆಯ ಕೆಲಸ.

*

ಆಮೇಲೆ ಮೊಲಿಕಾಗೆ ಆ ಫ್ಯಾಕ್ಟರಿಯ ಕಡೆ ಪದೇಪದೇ ಕೆಲಸ ಬೀಳತೊಡಗಿತು. ಕೆಲಸ ಇದ್ದದ್ದು ಅಷ್ಟಕ್ಕಷ್ಟೇ ಅಂತ ಯೀಮ್ ಚಿಕ್ಕಮ್ಮನಿಗೂ ಗೊತ್ತಿತ್ತು. ಕಬ್ಬಿನ ಗಾಡಿಯ ಕೊಡೆಯ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಅವಳೇ ಹಾಕಿಡುತ್ತಿದ್ದಳು.

ಮೊಲಿಕಾ ಅವನನ್ನು ಬಾಂಗ್ ಎಂದು ಕರೆದಳು. ಅಲ್ಲಿ ವಯಸ್ಸಿನಲ್ಲಿ ದೊಡ್ಡವರನ್ನೆಲ್ಲ ಹಾಗೇ ಕರೆಯುತ್ತಾರೆ, ಮನಸ್ಸು ಕೊಟ್ಟವನನ್ನೂ ಹಾಗೇ. ಅವನು ಅವಳನ್ನು ಮೊದಲ ಸಲ ಓನ್, ಅಂದರೆ ಚಿಕ್ಕವಳೇ, ಎಂದ ದಿನ ಮಾತ್ರ ಇಬ್ಬರೂ ತಂತಮ್ಮ ಲೋಟವನ್ನೇ ನೋಡುತ್ತಾ ಕೂತರು. ಆ ಪದವನ್ನು ಗಂಡಸು ಯಾರ್ಯಾರಿಗೋ ಅಷ್ಟು ಮೆತ್ತಗೆ ಹೇಳುವುದಿಲ್ಲ.

"ನೀರಿನ ಹಬ್ಬ ಮುಗೀಲಿ. ಹೆಂಗ್ ಮಾಮನ ಕೈಲಿ ಹಣ್ಣಿನ ತಟ್ಟೆ ಕೊಟ್ಟು ನಿಮ್ಮಮ್ಮನ ಹತ್ರ ಹೆಣ್ಣು ಕೇಳೋಕೆ ಕಳಿಸ್ತೀನಿ."

"ಆ ಮಾಮನಿಗೆ ಕಿವಿ ಕೇಳ್ಸಲ್ವಲ್ಲ! ನಮ್ಮಮ್ಮ ಏನಂದ್ಲು ಅಂತ ಹೇಗೆ ತಿಳ್ಕೋತಾರೆ?"

"ಅದಕ್ಕೇ ಅವರನ್ನ ಕಳಿಸ್ತಿರೋದು. ನಿಮ್ಮಮ್ಮ ಬೇಡ ಅಂದ್ರೂ ಕೇಳ್ಸಲ್ಲ!"

ಬಾಯ್ಲರ್ ಮನೆಯಲ್ಲಿದ್ದದ್ದು ಅವರಿಬ್ಬರೇ, ಸಂಬಾತ್ ಮತ್ತು ಹೆಂಗ್ ಮಾಮ. ಬಾಯ್ಲರಿನ ಸದ್ದಿನಲ್ಲೇ ಮಾಮನ ಕಿವಿ ಹೋಗಿತ್ತು. ಶುಕ್ರವಾರದ ಫೋನನ್ನು ಆತ ಎತ್ತುತ್ತಲೇ ಇರಲಿಲ್ಲ.

ಒಂದು ದಿನ ಸಂಬಾತನ ತೋಳಿನ ಮೇಲೆ ಬೊಬ್ಬೆ ಎದ್ದಿತ್ತು. ಮೊಲಿಕಾ ಗಾಬರಿಯಾಗಿ ಕೈ ಹಿಡಿದುಕೊಂಡಳು.

"ಏನಿದು ಬಾಂಗ್?"

"ಉಗಿ ತಾಗ್ತು. ಒತ್ತಡ ಹೆಚ್ಚಾದ್ರೆ ತಾನಾಗೇ ತೆರ್ಕೊಳ್ಳೋ ವಾಲ್ವ್ ಒಂದಿದೆ. ಅದನ್ನ ತಂತಿ ಸುತ್ತಿ ಕಟ್ಟಿಸಿಬಿಟ್ಟಿದಾರೆ. ಉಗಿ ಪೋಲಾಗ್ಬಾರ್ದಂತೆ. ಬಿಡು, ಇದೆಲ್ಲ ಇದ್ದದ್ದೇ."

"ಇದ್ದದ್ದೇನಾ? ಪ್ರಾಣ ಹೋಗತ್ತೆ! ಈ ಶುಕ್ರವಾರ ಎರಡು ಒತ್ತಿ. ಬೀಪ್ ಆದ್ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ."

"ಕೆಲಸ ಹೋದ್ರೆ? ಊರಲ್ಲಿ ಅಮ್ಮ ಕಾಯ್ತಿರ್ತಾಳೆ."

"ಯಾರಿಗೂ ಗೊತ್ತಾಗಲ್ಲ. ಅದು ಕಂಪ್ಯೂಟರ್ ಕೊಡೋ ಭಾಷೆ ಅಲ್ಲ, ನಾನು ಕೊಡ್ತಿರೋ ಭಾಷೆ!"

ಅವನು ಅವಳ ಮುಖವನ್ನೇ ನೋಡಿದ. "ನೀನು ಹೇಳಿದ್ರೆ ಸರಿ, ಓನ್."

*

ಎರಡು ಒತ್ತಿದ. ಇದ್ದದ್ದನ್ನು ಹೇಳಿದ.

ಕಚೇರಿಯಲ್ಲಿ ಮೊಲಿಕಾ ವರದಿಯ ಕರಡು ತೆರೆದಳು. ನೂರಕ್ಕೆ ತೊಂಬತ್ತೇಳು ಮಂದಿ ಸುರಕ್ಷಿತ ಅಂದಿದ್ದಾರೆ. ಎಲ್ಲ ಹಸಿರು. ಸಂಬಾತನ ಮಾತು ಆ ಹಸಿರಿನಲ್ಲಿ ಎಲ್ಲಿ ಹೋಯಿತೋ! ಹತ್ತು ಜನರಿಗಿಂತ ಚಿಕ್ಕ ವಿಭಾಗವನ್ನು ಬೇರೆಯಾಗಿ ತೋರಿಸದಂತೆ ಕಂಪ್ಯೂಟರಿಗೆ ಒಂದು ಬೀಗ ಹಾಕಿದ್ದರು. ಬಾಯ್ಲರ್ ಮನೆ "ಇತರೆ" ಅನ್ನುವ ಸಾಲಿನಲ್ಲಿ ಕರಗಿಹೋಗಿತ್ತು.

ಹೀಗೆ ಬಿಟ್ರೆ ಆ ವಾಲ್ವನ್ನ ಯಾರು ನೋಡ್ತಾರೆ? ನನ್ನ ಬಾಂಗ್ ಅಲ್ಲೇ ಬೆಂದುಹೋಗ್ತಾರೆ...

"ಡಾವಿ ಅಕ್ಕಾ, ವಿಭಾಗದ ಪ್ರಕಾರ ಬಿಡಿಸಿ ತೋರಿಸೋಣ್ವಾ?" ಎಂದು ಮೇಲಧಿಕಾರಿಯನ್ನು ಕೇಳಿದಳು.

"ತೋರ್ಸು ತೋರ್ಸು! ಈಗ ಎಲ್ಲಾ ಕಂಪನಿಯೋರೂ ಅದನ್ನೇ ಕೇಳ್ತಿದಾರೆ. ಎಷ್ಟು ಬಿಡಿಸಿದ್ರೆ ಅಷ್ಟು ಒಳ್ಳೇದು."

ಮೊಲಿಕಾ ಆ ಬೀಗ ತೆಗೆದಳು. ಬಾಯ್ಲರ್ ವಿಭಾಗ ಕಡುಗೆಂಪಾಗಿ ಎದ್ದು ನಿಂತಿತು. ಪಕ್ಕದಲ್ಲಿ ವಾಲ್ವು, ತಂತಿಯ ಮಾತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಬೀಗ ಯಾತಕ್ಕೆ ಹಾಕಿದ್ದರು ಅಂತ ಅರೆಗಳಿಗೆಯೂ ಯೋಚಿಸಲಿಲ್ಲ. ಪ್ರೀತಿಸುವವರಿಗೆ ಬುದ್ಧಿ ಎಲ್ಲಿರುತ್ತದೆ ಹೇಳಿ! ವರದಿ ಬಟ್ಟೆ ಕಂಪನಿಗೆ ಹೋಯಿತು. ಅದರದೇ ಒಂದು ಪ್ರತಿ ಫ್ಯಾಕ್ಟರಿಗೂ ಹೋಯಿತು.

ಮುಂದಿನ ವಾರ ಕಬ್ಬಿನ ಗಾಡಿಯ ಹತ್ತಿರ ಸಂಬಾತ್ ನಿಂತಿದ್ದ. ಮುಖದಲ್ಲಿ ಮಸಿ ಇರಲಿಲ್ಲ.

"ಕೆಲಸದಿಂದ ತೆಗೆದ್ರು," ಎಂದ. "ಮ್ಯಾನೇಜರ್ ವರದಿ ಎದುರಿಗೇ ಇಟ್ಕೊಂಡಿದ್ದ. ಬಾಯ್ಲರ್ ವಿಭಾಗ ಅಂತ ಬರ್ದಿತ್ತು. 'ಕಿವುಡ ಅಂತೂ ಫೋನ್ ಎತ್ತಲ್ಲ. ಇನ್ಯಾರಪ್ಪಾ ಉಳಿದೋರು?' ಅಂತ ನಕ್ಕ."

"ಬಾಂಗ್... ನಾನು..."

"ನನ್ನ ಹೆಸರು ಕೊಟ್ರೆ ನಿನಗೇನು ಸಿಕ್ತು, ಮೊಲಿಕಾ? ಬಡ್ತಿ ಸಿಕ್ತಾ?"

ಓನ್ ಅಲ್ಲ. ಮೊಲಿಕಾ!

"ಇಲ್ಲ! ನಿಮ್ಮಾಣೆ, ಹೆಸರು ಕೊಟ್ಟಿಲ್ಲ ನಾನು! ಆ ವಾಲ್ವ್ ಸರಿಹೋಗ್ಲಿ ಅಂತ..."

"ನಿನ್ನ ದನಿ ನಂಬಿದೆ. ನನ್ನ ತಪ್ಪು ಅಷ್ಟೇ."

ಅವನು ಹೊರಟುಹೋದ. ಊರೆಲ್ಲ ನಂಬುವ ದನಿ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಆ ಸಂಜೆಯಿಂದ ಅವನಿಗೆ ಎಷ್ಟು ಸಲ ಕರೆ ಮಾಡಿದರೂ ಹೋಗಲಿಲ್ಲ. ಅವಳ ನಂಬರನ್ನು ಅವನು ತಡೆದಿದ್ದ.

*

ಬೇರೆ ಯಾವ ಫ್ಯಾಕ್ಟರಿಯೂ ಸಂಬಾತನನ್ನು ಸೇರಿಸಿಕೊಳ್ಳಲಿಲ್ಲ ಅಂತ ಯೀಮ್ ಚಿಕ್ಕಮ್ಮ ಹೇಳಿದಳು. ಆಮೇಲೆ ಅವನು ಎಲ್ಲಿಗೆ ಹೋದನೋ ಅವಳಿಗೂ ಗೊತ್ತಿರಲಿಲ್ಲ.

ವಾಲ್ವಿಗೆ ಕಟ್ಟಿದ ತಂತಿ ಹಾಗೇ ಇತ್ತು. ಒಂದು ಬೆಳಿಗ್ಗೆ ಉಗಿಯ ಕೊಳವೆ ಸಿಡಿದು ಹೆಂಗ್ ಮಾಮನ ಎರಡೂ ಕೈ ಬೆಂದುಹೋದವು.

ಆ ತಿಂಗಳ ವರದಿಯನ್ನು ಡಾವಿ ಅಕ್ಕ ಖುಷಿಯಿಂದ ತೋರಿಸಿದಳು. "ನೋಡಿದ್ಯಾ? ಬಾಯ್ಲರ್ ವಿಭಾಗದಿಂದ ಒಂದು ದೂರೂ ಇಲ್ಲ. ಹಸಿರು ಬಂದಿದೆ!"

ದೂರು ಹೇಳುವವನನ್ನು ಓಡಿಸಿದ್ದರು. ಇನ್ನೊಬ್ಬ ಆಸ್ಪತ್ರೆಯಲ್ಲಿದ್ದ. ಇನ್ನು ದೂರು ಎಲ್ಲಿಂದ ಬರಬೇಕು? ಮೊಲಿಕಾ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

ಆಸ್ಪತ್ರೆಯಲ್ಲಿ ಮಾಮನಿಗೆ ಗಂಜಿ ತಿನ್ನಿಸುತ್ತಾ ಕಿವಿಯ ಹತ್ತಿರ ಕೂಗಿ ಕೇಳಿದಳು. "ಮಾಮಾ! ಸಂಬಾತ್ ಎಲ್ಲಿದಾರೆ?"

"ಹೇಳಬೇಡ ಅಂದಿದಾನೆ."

"ನನಗೂ?"

"ನಿನಗೇ." ಮಾಮ ಬಟ್ಟೆ ಸುತ್ತಿದ ಕೈಗಳನ್ನು ನೋಡಿಕೊಂಡ. "ಹಣ್ಣಿನ ತಟ್ಟೆ ನಾನು ಹಿಡೀಬೇಕಿತ್ತಲ್ವಾ ಮಗಳೇ? ಹೋಗ್ಲಿ ಬಿಡು. ಅಳಬೇಡ, ಗಂಜಿ ಉಪ್ಪಾಗತ್ತೆ."

ಅವಳು ಇನ್ನೂ ಜೋರಾಗಿ ಅತ್ತಳು.

ಒಂದೇ ಒಂದು ಎಳೆ ಉಳಿದಿತ್ತು. ಸಂಬಾತನನ್ನು ಕೆಲಸದಿಂದ ತೆಗೆದವರು ಕಂಪ್ಯೂಟರಿಗೆ ಆ ಸುದ್ದಿ ತಿಳಿಸಿರಲಿಲ್ಲ. ಅದು ಪ್ರತಿ ಶುಕ್ರವಾರ ಅವನಿಗೆ ಫೋನ್ ಮಾಡುತ್ತಲೇ ಇತ್ತು. ಬಾಯ್ಲರ್ ವಿಭಾಗದ ಎದುರಿಗೆ ವಾರವಾರವೂ ಅದೇ ಸಾಲು: ಕರೆ ಎತ್ತಲಾಗಿದೆ. ಕೊನೆಯವರೆಗೆ ಕೇಳಲಾಗಿದೆ. ಉತ್ತರವಿಲ್ಲ.

ಕೊನೆಯವರೆಗೆ!

ನನ್ನ ಮುಖ ಬೇಡ, ನನ್ನ ನಂಬರ್ ಬೇಡ... ಆದ್ರೂ ಕೇಳ್ತಿದ್ದಾರೆ. ಎಲ್ಲೋ ಇದ್ದಾರೆ. ಬದುಕಿದ್ದಾರೆ!

ಮುಂದಿನ ಗುರುವಾರ ಮೊಲಿಕಾ ಮುಚ್ಚಿದ ಕೋಣೆಗೆ ಹೋದಳು. ಬರೆದುಕೊಟ್ಟರೆ ಯಂತ್ರವೇ ಅವಳ ದನಿಯಲ್ಲಿ ಚೆಂದವಾಗಿ ಹೇಳಿಬಿಡುತ್ತಿತ್ತು. ಅವಳಿಗೆ ಅದು ಬೇಡವಾಗಿತ್ತು. ಮೈಕಿನ ಎದುರು ತಾನೇ ಕೂತಳು. ಬಾಯ್ಲರ್ ವಿಭಾಗದ ಕರೆಯನ್ನಷ್ಟೇ ಬದಲಾಯಿಸಿದಳು.

"ಬಾಂಗ್... ಈ ವಾರ ಆ ಪ್ರಶ್ನೆ ಇಲ್ಲ. ನಿಮ್ಮ ಹೆಸರು ನಾನು ಕೊಡ್ಲಿಲ್ಲ. ಆದ್ರೆ ಹೆಸರು ಮುಚ್ಚಿಡೋ ಬೀಗ ತೆಗೆದವಳು ನಾನೇ. ನಿಮ್ಮ ಮಾತು ಕಳೆದುಹೋಗ್ಬಾರ್ದು ಅಂತ ತೆಗೆದೆ, ನಿಮ್ಮನ್ನೇ ಕಳ್ಕೊಂಡೆ. ಮಾಮನ ಕೈ ಸುಟ್ಟಿದ್ದೂ ನನ್ನಿಂದ್ಲೇ ಅನ್ಸತ್ತೆ. ನೀವಿಲ್ದೆ ನಂಗೆ ಊಟ ಸೇರಲ್ಲ, ನಿದ್ದೆ ಬರಲ್ಲ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ಕ್ಷಮಿಸಿದ್ರೆ... ಒಂದು ಒತ್ತಿ. ಇಲ್ಲಾಂದ್ರೆ ಎರಡು."

ಶುಕ್ರವಾರ ಪರದೆಯ ಮುಂದೆ ಕೂತಳು. ಸಾಲು ಮೂಡಿತು.

ಕರೆ ಎತ್ತಲಾಗಿದೆ. ಕೊನೆಯವರೆಗೆ ಕೇಳಲಾಗಿದೆ. ಉತ್ತರವಿಲ್ಲ.

ಒಂದೂ ಇಲ್ಲ. ಎರಡೂ ಇಲ್ಲ! ಬೈದಿದ್ದರೂ ಬೇಕಾಗಿತ್ತು ಅವಳಿಗೆ.

ಸೋಮವಾರ ಡಾವಿ ಅಕ್ಕನಿಗೆ ಎಲ್ಲ ಗೊತ್ತಾಯಿತು. ಕಚೇರಿಯ ಯಂತ್ರವನ್ನು ಸ್ವಂತದ ಮಾತಿಗೆ ಬಳಸಿದ್ದಕ್ಕೆ ಮೊಲಿಕಾಳ ಕೆಲಸ ಹೋಯಿತು.

"ನನ್ನ ದನೀನಾದ್ರೂ ವಾಪಸ್ ಕೊಡಿ, ಅಕ್ಕಾ. ಆ ಸುಳ್ಳು ಭಾಷೆ ನನ್ನ ದನೀಲಿ ಬೇಡ."

"ಅದು ಕಂಪನೀದು ಕಣೇ. ನೀನೇ ಸಹಿ ಹಾಕಿದ್ದೀಯ."

*

ಮತ್ತೆ ಶುಕ್ರವಾರ. ಮೊಲಿಕಾ ಕೊಡೆಯ ಕೆಳಗೆ ಕೂತಿದ್ದಳು. ಹೋಗಲು ಬೇರೆ ಜಾಗ ಇರಲಿಲ್ಲ. ಎದುರಿನ ಕುರ್ಚಿ ಖಾಲಿ.

ಊಟದ ಬಿಡುವಿನಲ್ಲಿ ಫೋನುಗಳು ಒಂದೊಂದಾಗಿ ಗುಂಯ್‌ಗುಟ್ಟತೊಡಗಿದವು. ರಸ್ತೆಯ ತುಂಬಾ, ಹುಡುಗಿಯರ ಅಂಗೈಗಳಿಂದ, ಅವಳದೇ ದನಿ! ನಿಮ್ಮ ಉತ್ತರ ಯಾರಿಗೂ ಗೊತ್ತಾಗುವುದಿಲ್ಲ... ಯಾರಿಗೂ ಗೊತ್ತಾಗುವುದಿಲ್ಲ... ಅನ್ನ ಕಲಸುತ್ತಲೇ ಅವರು ಒಂದು ಒತ್ತುತ್ತಿದ್ದರು. ಒಬ್ಬಳ ಬೆರಳಿಗೆ ಸೂಜಿ ಚುಚ್ಚಿದ ಗಾಯವಿತ್ತು. ಅವಳೂ ಒಂದೇ ಒತ್ತಿದಳು.

ಮೊಲಿಕಾ ಎರಡೂ ಕಿವಿ ಮುಚ್ಚಿಕೊಂಡಳು. ಸಾಕು... ಸಾಕು ದೇವರೇ! ನಾನು ಸತ್ತ ಮೇಲೂ ಇದು ಹೀಗೇ ಹೇಳ್ತಾ ಇರತ್ತಾ?

ಎದುರಿನ ಕುರ್ಚಿ ಕಿರ್ರೆಂದಿತು.

ಸಂಬಾತ್! ಬಡಕಲಾಗಿದ್ದ. ಟವೆಲಿನ ಮೇಲೆಲ್ಲ ಇಟ್ಟಿಗೆಯ ಕೆಂಪು ಧೂಳು. ಅವನ ಜೇಬಿನಲ್ಲೂ ಫೋನು ಮೊಳಗುತ್ತಿತ್ತು. ತೆಗೆದು, ನೋಡಿ, ಮೊದಲ ಸಲ ಕರೆಯನ್ನು ಕತ್ತರಿಸಿದ.

"ಇಟ್ಟಿಗೆ ಭಟ್ಟೀಲಿ ಇದೀನಿ," ಎಂದ. "ಮಾಮನನ್ನ ನೋಡ್ಕೊಂಡು ಬಂದೆ. ನೀನು ದಿನಾ ಬಂದು ಗಂಜಿ ತಿನ್ನಿಸ್ತೀಯಂತೆ."

ಅವಳು ಅವನ ಕೈಯಲ್ಲಿದ್ದ ಫೋನಿನತ್ತ ನೋಡಿದಳು. "ಆ ಕರೆ... ಕೇಳಿದ್ರಾ?"

"ಕೇಳಿದೆ. ಭಟ್ಟಿ ಮುಂದೆ ನಿಂತ್ಕೊಂಡೇ ಕೇಳಿದೆ."

"ಕಂಪ್ಯೂಟರ್ ಅಲ್ಲ ಅಂತ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು? ಮಾತಿಗೊಂದ್ಸಲ ಮೂಗು ಎಳೀತಿದ್ದೆ. ಕಂಪ್ಯೂಟರ್‌ಗೆ ಎಲ್ಲಾದ್ರೂ ಮೂಗು ಸೋರತ್ತಾ?"

ನಗು, ಅಳು ಒಟ್ಟಿಗೇ ಬಂದವು ಅವಳಿಗೆ. "ನನ್ನ ಕೆಲಸ ಹೋಯ್ತು, ಬಾಂಗ್. ನಿಮಗೆ ಆ ಭಟ್ಟಿ. ಮಾಮನ ಕೈ ಹೀಗಾಯ್ತು. ಅವರ ವರದಿ ಮಾತ್ರ ಹಸಿರಾಗೇ ಇದೆ. ಏನೂ ಸರಿಹೋಗ್ಲಿಲ್ಲ."

"ಹೂಂ. ಏನೂ ಸರಿಹೋಗ್ಲಿಲ್ಲ." ಅವನ ಕಣ್ಣೂ ತುಂಬಿತ್ತು. "ಅದಕ್ಕೇ ಬಂದೆ. ಇದೊಂದಾದ್ರೂ ಸರಿಹೋಗ್ಲಿ ಅಂತ."

"ಮತ್ತೆ ಯಾಕೆ ಒಂದು ಒತ್ತಲಿಲ್ಲ? ಒಂದು ವಾರ ಸತ್ತೇ ಹೋಗಿದ್ದೆ ನಾನು!"

"ಒತ್ತಿದ್ರೆ ನಿಮ್ಮ ಆಫೀಸಿಗೆಲ್ಲ ಗೊತ್ತಾಗ್ತಿತ್ತು. ಒಂದ್ಸಲ ಕೆಟ್ಟು ಬುದ್ಧಿ ಕಲ್ತಿದೀನಿ. ಈ ಉತ್ತರ ನಿನ್ನೊಬ್ಬಳಿಗೇ ಗೊತ್ತಾಗ್ಬೇಕು, ಓನ್."

ಓನ್!

ಅವನು ಬಾಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಪಕ್ಕದಲ್ಲೇ ಲೋಟ ತೊಳೆಯುತ್ತಿದ್ದ ಯೀಮ್ ಚಿಕ್ಕಮ್ಮನಿಗೂ ಅದು ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳಿ, ಬಾಂಗ್. ಸರಿಯಾಗಿ ಕೇಳಿಸ್ಲಿಲ್ಲ."

"ಸುಳ್ಳು. ಕೇಳಿಸ್ತು ನಿಂಗೆ."

"ಕೇಳಿಸ್ತು... ಆದ್ರೂ ಹೇಳಿ."

ಅವನು ಇನ್ನೊಂದು ಸಲ ಹೇಳಿದ.