ಬೇಲಿಯೊಳಗಿನ ಹತ್ತು ಗುಂಟೆ

"ಯಾರದು! ಮೇಕೆ ಆಚೆ ಹೊಡೀರಿ!"

ಅರಣ್ಯ ಇಲಾಖೆಯ ಚಲುವರಾಜು ಕೂಗುತ್ತ ಓಡಿಬಂದ. ತಡವಾಗಿತ್ತು...

ಮುತ್ತತ್ತಿ ಕಾಡಿನಲ್ಲಿ ಅವನು ಎರಡು ವರ್ಷ ಕಾಯ್ದಿದ್ದ ಮುಳ್ಳುಬೇಲಿ ನೆಲಕಚ್ಚಿತ್ತು. ಒಳಗೆ ಇಪ್ಪತ್ತು ಮೇಕೆಗಳು ಅವನ ಸಂಶೋಧನೆಯನ್ನು ಆಗಲೇ ಮೆಲುಕು ಹಾಕುತ್ತಿದ್ದವು! ನಡುವೆ ಮಚ್ಚು ಹಿಡಿದು ಮೇಕೆ ಕಾಯುವ ಹುಡುಗಿ ಬೆಳ್ಳಮ್ಮ ನಿಂತಿದ್ದಳು.

"ನಾನೇ ಕಡ್ದಿದ್ದು. ಏನೀಗ? ಇವತ್ತು ಹತ್ತು ಗುಂಟೆಗೆ ಬೇಲಿ, ನಾಳೆ ಕಾಡಿಗೆಲ್ಲ! ನಮ್ಮಪ್ಪನ ಮೇಕೆ ಏನು ನಿಮ್ಮ ಕಾಗ್ದ ತಿನ್ಬೇಕಾ?"

ಅವನು ಅಲ್ಲೇ ಕುಸಿದು ಕುಳಿತ.

"ನಿಮ್ಮನ್ನ ಉಳಿಸೋಕೇ ಕಣಮ್ಮ ಈ ಬೇಲಿ..."

ತನ್ನ ಇಲಾಖೆಯ ಸಾಹೇಬರಂತೆಯೇ ಮೂಗಿನಲ್ಲಿ ನುಡಿದ. "'ಕಾಡು ಬರಿದಾಗ್ತಿರೋದು ಮೇಕೆಗಳಿಂದ!' ಅಂತಾರೆ. ಹೌದೋ ಅಲ್ಲವೋ ನೋಡೋಣ ಅಂತ ಇಲ್ಲಿ ಬೇಲಿ ಹಾಕ್ದೆ, ಪಕ್ಕದ ಹತ್ತು ಗುಂಟೆ ಮೇಕೆಗೆ ಬಿಟ್ಟೆ. ಸಸಿಗಳು ಎರಡು ಕಡೆನೂ ಒಂದೇ ಥರ ಬೆಳೀತಿದ್ವು. ಶನಿವಾರ ಸಾಹೇಬರು ಕಣ್ಣಾರೆ ನೋಡಿದ್ರೆ ನಿಮ್ಮ ಮೇಯಿಸೋ ಪರವಾನಗಿ ಚೀಟಿ ಉಳೀತಿತ್ತು."

ಬೆಳ್ಳಮ್ಮನ ಮುಖ ಬಿಳುಚಿತು. ಅಯ್ಯೋ... ಅಪ್ಪನ ಅನ್ನಕ್ಕೆ ನಾನೇ ಮಚ್ಚು ಹಾಕಿದೆನಾ?

"ಮೊದ್ಲೇ ಯೋಳಕ್ಕೇನಾಗಿತ್ತು?"

"ನನ್ನ ಕಂಡ್ರೆ ಮೇಕೆಗಿಂತ ಮುಂಚೆ ನೀವೇ ಓಡ್ತಿದ್ರಲ್ಲ!"

ಯುದ್ಧದ ಕಾಲವದು. ಪೆಟ್ರೋಲ್ ಸಿಗದೆ ಮಳವಳ್ಳಿ, ಮದ್ದೂರಿನ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದವು.

"ಮರವೆಲ್ಲ ಮೋಟ್ರು ಒಟ್ಟೆಗೆ ಓಯ್ತಾ ಅವೆ ಸ್ವಾಮಿ. ಮೇಕೆ ಕೊಡಲಿ ಇಡೀತದಾ? ಬನ್ನಿ, ಕಡ್ದಿರೋ ಬೊಡ್ಡೆ ತೋರಿಸ್ತೀನಿ!" ಎಂದಳು ಬೆಳ್ಳಮ್ಮ.

ಕಡಿದ ಬೊಡ್ಡೆಯ ಚಿಗುರೆಂದರೆ ಮೇಕೆಗೆ ಪ್ರಾಣ. ಹಾಗಾಗಿ ಪ್ರತಿ ಬೊಡ್ಡೆಯೂ ಅವಳಿಗೆ ಗೊತ್ತು. ಎರಡು ದಿನ ಅವಳು ತೋರಿಸಿದಳು, ಅವನು ಸುತ್ತಳತೆ ಹಿಡಿದು ಬರೆದ. ಆರುನೂರ ಹದಿನಾಲ್ಕು! ಇದ್ದಿಲು ಕಂಟ್ರಾಕ್ಟರಿಗೆ ಪರವಾನಗಿ ಇದ್ದದ್ದು ಇನ್ನೂರು ಮರಕ್ಕೆ. ಟೇಪು ಹಿಡಿಯುವಾಗ ಬೆರಳು ತಾಕಿತು... ಇಬ್ಬರೂ ಎಣಿಕೆ ತಪ್ಪಿದರು.

ಶನಿವಾರ. ಸಾಹೇಬರು ಬೇಲಿ ಕಂಡು ಗುಡುಗಿದರು. "ಯಾರು ಮಾಡಿದ್ದು?"

ಚಲುವರಾಜು ಮುರಿದ ಬೇಲಿಯತ್ತ ನೋಡಿದ. ಹೆಸರು ಹೇಳಿದರೆ ಅವಳ ಚೀಟಿ ಹರಿಯುತ್ತದೆ!

"ಆ... ಆನೆ, ಸರ್."

ಪಕ್ಕದಲ್ಲಿದ್ದ ಬೆಳ್ಳಮ್ಮ ಮುಂದೆ ಬಂದಳು. ಇದು ಸುಳ್ಳೆಂದು ಗೊತ್ತಾದರೆ ಆ ಬೊಡ್ಡೆಯ ಪಟ್ಟಿಯನ್ನು ಯಾರು ನಂಬುತ್ತಾರೆ? ಇವರ ಕೆಲಸವೇ ಹೋದರೆ...?

"ಆನೆ ಅಲ್ಲ ಬುದ್ಧಿ, ನಾನು! ಗೊತ್ತಿಲ್ದೆ ಕಡ್ದೆ. ಇವ್ರು ಬರ್ದಿರೋದೆಲ್ಲ ದಿಟ. ಒಂದೊಂದು ಬೊಡ್ಡೆನೂ ಮುಟ್ಟಿ ನೋಡಿ!"

ಸಾಹೇಬರು ಪಟ್ಟಿ ಹಿಡಿದು ಒಬ್ಬರೇ ಕಾಡೊಳಗೆ ನಡೆದರು. ಒಂದು ಗಂಟೆ... ಎರಡು ಗಂಟೆ... ಇಬ್ಬರೂ ಬೇಲಿಯ ಬಳಿಯೇ ಕಾದರು. ಹಿಂದಿರುಗಿದವರ ಮುಖ ಗಂಟಿಕ್ಕಿತ್ತು.

"ಇದ್ದಿಲು ಕಡಿತ ಇವತ್ತೇ ನಿಲ್ಲಲಿ. ಬೇಲಿ ಮತ್ತೆ ಕಟ್ಟಿ, ಇನ್ನೂ ಎರಡು ವರ್ಷ ಸಸಿ ಎಣಿಸಿ. ಅಲ್ಲಿಯವರೆಗೆ ಮೇಕೆ ಮೇಯಲಿ. ಇನ್ನೊಂದು ಸುಳ್ಳು ಹೇಳಿದ್ರೆ ನಿಮ್ಮನ್ನೇ ಮೇಕೆ ಕಾಯೋಕೆ ಅಟ್ಟುತ್ತೇನೆ, ಚಲುವರಾಜು!"

ಸಾಹೇಬರ ಕುದುರೆ ಮರೆಯಾಯಿತು. ಬೆಳ್ಳಮ್ಮನ ಕಣ್ಣು ತುಂಬಿತ್ತು.

"ಯಾಕ್ರೀ ಸುಳ್ಳು ಯೋಳಿದ್ರಿ?"

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ನೀನು..." ಅವನು ಟೇಪನ್ನು ಜೇಬಿಗಿಟ್ಟ. "ನಾಳೆ ಬಂದು ನಿಮ್ಮಪ್ಪನ್ನ ಕೇಳ್ಲಾ?"

"ನಾಳೆ ಬ್ಯಾಡ."

ಅವನ ಮುಖ ಬಾಡಿತು.

"ಈಗ್ಲೇ ಬನ್ನಿ... ನಾಳೆಗಂಟ ನಂಗೆ ತಡಿಯಕ್ಕಾಗಕಿಲ್ಲ!"