ಗೇರ್‌ಬಾಕ್ಸಿನ ಮೇಲಿನ ಕೆಮ್ಮಣ್ಣು

1946ನೇ ಇಸವಿ, ಅಕ್ಟೋಬರ್ ತಿಂಗಳು, ವಿಜಯದಶಮಿಯ ಬೆಳಿಗ್ಗೆ. ರಾಯದುರ್ಗದ ಠಾಣೆಯಲ್ಲಿ ಬಂದೂಕುಗಳಿಗೆ ಹಿಂದಿನ ದಿನ ಏರಿಸಿದ ಹೂವನ್ನು ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲೇ ಊರ ಹೊರಗಿನ ಶೇಂಗಾ ಎಣ್ಣೆ ಕಾರ್ಖಾನೆಯ ಮ್ಯಾನೇಜರ್ ಕಾರಿನಲ್ಲಿ ಬಂದಿಳಿದರು. ಹಬ್ಬದ ದಿನ ಠಾಣೆಗೆ ಕಾರು ಬಂತೆಂದರೆ ಸಿಹಿ ಹಂಚಲು ಬಂದಿರುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಮರುಳಪ್ಪನವರಿಗೆ ಗೊತ್ತಿತ್ತು.

"ಕೂಲಿಂಗ್ ಟವರಿನ ಫ್ಯಾನು ಹಾಳಾಗಿದೆ. ಬೇಕೆಂದೇ ಹಾಳು ಮಾಡಿದ್ದಾರೆ. ಮಾಡಿದವನು ನಮ್ಮ ಹೆಡ್ ಫಿಟ್ಟರ್ ಗಾದಿಲಿಂಗಪ್ಪ."

"ನೀವು ನೋಡಿದಿರಾ?"

"ನೋಡಬೇಕೇ? ಗೇರ್‌ಬಾಕ್ಸು ಬಿಚ್ಚಿ ಜೋಡಿಸುವುದು ಅವನೊಬ್ಬನಿಗೇ ಗೊತ್ತು."

ಏನಾಯಿತು ಎಂದು ಹೇಳುವ ಮೊದಲೇ ಯಾರು ಮಾಡಿದರು ಎಂದು ಹೇಳುವವರನ್ನು ಕಂಡರೆ ಮರುಳಪ್ಪನವರಿಗೆ ಮೈ ಉರಿಯುತ್ತಿತ್ತು. ಆದರೂ ದೂರು ದೂರೇ. ಎಂಟೂವರೆಗೆ ಎಫ್.ಐ.ಆರ್. ದಾಖಲಾಯಿತು. ಒಂಬತ್ತಕ್ಕೆ ಅವರು ಪೇದೆ ಹನುಮಂತರಾಯಪ್ಪನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಟವರಿನ ಬುಡದಲ್ಲಿ ನಿಂತಿದ್ದರು.

ಟವರೆಂದರೆ ಮರದ ಹಲಗೆಯ ಎತ್ತರದ ಗೂಡು. ಎಂಜಿನ್ನು ಕಾಯಿಸಿ ಕಳಿಸಿದ ನೀರು ಮೇಲಿಂದ ಸುರಿಯುತ್ತದೆ. ನೆತ್ತಿಯಲ್ಲಿರುವ ದೊಡ್ಡ ಫ್ಯಾನು ಗಾಳಿ ಎಳೆದು ಅದನ್ನು ತಣಿಸುತ್ತದೆ. ಫ್ಯಾನು ತಿರುಗಿಸುವ ಮೋಟಾರು ಹೊರಗೆ, ಫ್ಯಾನು ಒಳಗೆ ಅಂಗಾತ. ಮೋಟಾರಿನ ಓಟವನ್ನು ಫ್ಯಾನಿನ ಕಡೆಗೆ ತಿರುಗಿಸಿ ಕೊಡುವುದು ನಡುವೆ ಕೂತ ಕಬ್ಬಿಣದ ಪೆಟ್ಟಿಗೆ, ಅದೇ ಗೇರ್‌ಬಾಕ್ಸು. ಅದು ನಿಂತರೆ ಎಂಜಿನ್ನು ಕುದಿಯುತ್ತದೆ, ಕಾರ್ಖಾನೆ ಬಾಗಿಲು ಹಾಕಬೇಕಾಗುತ್ತದೆ.

ನೀರು ಬಿಡುವ ಮೊದಲು ಫ್ಯಾನನ್ನು ಬರಿದೇ ಓಡಿಸಿ ನೋಡುವುದು ಅಲ್ಲಿನ ವಾಡಿಕೆ. ಆ ದಿನ ಸ್ವಲ್ಪ ಹೊತ್ತು ನೆಟ್ಟಗೆ ತಿರುಗಿದ ಫ್ಯಾನು ಆಮೇಲೆ ಕಿರುಚಿಕೊಂಡು ನಿಂತುಬಿಟ್ಟಿತ್ತು. ಪಂಚರ ಮುಂದೆ ಮ್ಯಾನೇಜರ ಕಾರಿನಲ್ಲಿದ್ದ ಸ್ಪ್ಯಾನರಿನಿಂದ ಮುಚ್ಚಳ ಬಿಚ್ಚಿಸಿದರು. ಹೊರಗಿನ ಗಾಜಿನ ಕೊಳವೆಯಲ್ಲಿ ಎಣ್ಣೆಯ ಮಟ್ಟ ಸರಿಯಾಗಿಯೇ ಇತ್ತು. ಒಳಗೆ ಮಾತ್ರ ಎಣ್ಣೆಗೆ ಹಳ್ಳದ ಮರಳು ಬೆರೆತಿತ್ತು. ಗೇರಿನ ಹಲ್ಲುಗಳು ಮುದುಕಿಯ ಬಾಯಿಯಂತೆ ಬೋಳಾಗಿದ್ದವು. ಹಸಿರು ಬಣ್ಣ ಬಳಿದ ಬೋಲ್ಟುಗಳ ಮೇಲೆ ಬಿಚ್ಚಿಸುವ ಮೊದಲೇ ಹೊಸ ಗೀರುಗಳಿದ್ದವು.

ಇಷ್ಟೇ ಆಗಿದ್ದರೆ ಮರುಳಪ್ಪನವರು ಮ್ಯಾನೇಜರ ಮಾತನ್ನೇ ನಂಬುತ್ತಿದ್ದರೋ ಏನೋ. ಆದರೆ ಬಿಚ್ಚಿಸುವ ಮೊದಲೇ ಅವರು ಇನ್ನೊಂದನ್ನು ಪಂಚನಾಮೆಯಲ್ಲಿ ಬರೆಸಿದ್ದರು. ಮುಚ್ಚಳದ ಮೇಲೆ ಸುಣ್ಣದ ಮೂರು ಪಟ್ಟೆ, ನಡುವೆ ಕೆಮ್ಮಣ್ಣಿನ ಬೊಟ್ಟು, ಒಂದು ಬೋಲ್ಟಿಗೆ ಸಿಕ್ಕಿಸಿದ ಹಳದಿ ತಂಗಡಿ ಹೂವು. ಪಟ್ಟೆಗಳು ಮುಚ್ಚಳದಿಂದ ಇಳಿದು, ಸಂದನ್ನು ದಾಟಿ, ಪೆಟ್ಟಿಗೆಯ ಮೈಮೇಲೆ ಎಲ್ಲೂ ಕಡಿಯದೆ ಹರಿದಿದ್ದವು. ಅಂದರೆ ಕಿಡಿಗೇಡಿ ಮರಳು ಹಾಕಿ, ಮುಚ್ಚಳ ಬಿಗಿದು, ಆಮೇಲೆ ಪೂಜೆ ಮಾಡಿ ಹೋಗಿದ್ದ. ಇದೆಂಥ ಕಳ್ಳನಪ್ಪಾ! ಸಾಲದ್ದಕ್ಕೆ ಬೊಟ್ಟಿನ ಒಂದು ಅಂಚನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಲು ನೋಡಿದ್ದರು.

ಮರುಳಪ್ಪನವರು ಗಾದಿಲಿಂಗಪ್ಪನನ್ನು ಕರೆಸಿದರು. ಐವತ್ತರ ಆಸುಪಾಸಿನ ಆಳು, ಹಣೆತುಂಬ ವಿಭೂತಿ.

"ನಿನ್ನೆ ಇದಕ್ಕ ಪೂಜಿ ಮಾಡಿದವರು ಯಾರು?"

"ನಾನ ರೀ."

"ಏನು ಹಚ್ಚಿದಿ?"

"ವಿಭೂತಿ ರೀ. ಚೆಂಡು ಹೂ ಇಟ್ಟಿದ್ದೆ."

"ಮತ್ತ ಈ ಸುಣ್ಣ, ಕೆಮ್ಮಣ್ಣು?"

ಗಾದಿಲಿಂಗಪ್ಪ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತ. "ಗೊತ್ತಿಲ್ರಿ ಸಾಹೇಬ್ರ."

"ನಿನ್ನ ವಲ್ಲಿಗೆ ಕೆಂಪು ಯಾಕ ಹತ್ತೈತಿ?"

ಹೆಗಲ ಮೇಲಿನ ವಲ್ಲಿಯನ್ನು ಅವನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಸಾಕ್ಷ್ಯ ಅಳಿಸಲು ಹೊರಟವನನ್ನು ಮನೆಗೆ ಕಳಿಸುವಷ್ಟು ಒಳ್ಳೆಯವರಲ್ಲ ಮರುಳಪ್ಪನವರು. ಹನ್ನೊಂದಕ್ಕೆ ಗಾದಿಲಿಂಗಪ್ಪ ಲಾಕಪ್ಪಿನಲ್ಲಿದ್ದ.

ಮಧ್ಯಾಹ್ನ ಅವನ ಹೆಂಡತಿ ಉಜ್ಜಿನಮ್ಮ ರೊಟ್ಟಿ ಗಂಟು ಹಿಡಿದುಕೊಂಡು ಠಾಣೆಯ ಕಟ್ಟೆಯ ಮೇಲೆ ಬಂದು ಕೂತಳು.

"ಆ ಮಿಷಿನ್ನಿಗೆ ಕೈ ಮುಗಿಯದ ಒಂದ್ ದಿನಾನೂ ಇಲ್ರಿ ಇವರು. ಇವರ್ಯಾಕ ಕೆಡಸ್ತಾರ್ರಿ? ಜೈಲಿಗೆ ಹಾಕಿದ್ರ ನಾ ಒಬ್ಬಾಕಿ ಏನ್ ಮಾಡ್ಲಿ?"

"ಹಂಗಾದ್ರ ಬಾಯಿ ಬಿಟ್ಟು ಹೇಳು ಅನ್ನು."

"ನನ್ ಕೂಡಾನ ಮಾತಿಲ್ರಿ. ಬ್ಯಾಸಿಗಿಂದ ಹಿಂಗ ಅದಾರ. ಉಣ್ಣಾಕ ಕುಂತವರು ಹಂಗ ಎದ್ದು ಹೋಗ್ತಾರ."

ಬೇಸಿಗೆಯಿಂದ ಎಂಬ ಮಾತು ಮರುಳಪ್ಪನವರ ತಲೆಯಲ್ಲಿ ಕೂತಿತು. ಗಂಡನಂತೂ ಕಂಬಿಯ ಆಚೆ ಗೋಡೆಗೆ ಮುಖ ಮಾಡಿದ್ದ. ರೊಟ್ಟಿ ಮುಟ್ಟಲಿಲ್ಲ.

ಮತ್ತೆ ಕಾರ್ಖಾನೆಗೆ ಹೋಗಿ ಸಾಮಾನಿನ ಕೋಣೆ ತೆಗೆಸಿದರು. ಆಯುಧಪೂಜೆಗೆ ಇಟ್ಟ ಸಲಕರಣೆಗಳನ್ನು ಮರುದಿನ ಪೂಜೆ ಇಳಿಸುವವರೆಗೆ ಆ ಸೀಮೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅಂದಿನ ಗಲಾಟೆಯಲ್ಲಿ ಪೂಜೆ ಇಳಿಸಿಯೇ ಇರಲಿಲ್ಲ. ಸುತ್ತಿಗೆ, ಬೋಲ್ಟು ತಿರುಗಿಸುವ ಪಾನಾ, ಚಾಣಗಳಿಗೆ ಹಚ್ಚಿದ ವಿಭೂತಿ ಕದಲಿರಲಿಲ್ಲ, ಸುತ್ತಿದ ನೂಲು ಹರಿದಿರಲಿಲ್ಲ. ಹಾಗಾದರೆ ಬೋಲ್ಟು ಬಿಚ್ಚಿದ್ದು ಯಾವುದರಿಂದ? ಗೋಡೆಯ ಮೇಲೆ ಪ್ರತಿ ಪಾನಾ ತೂಗುಹಾಕುವ ಜಾಗದಲ್ಲೂ ಅದರದೇ ಆಕಾರ ಬರೆದಿತ್ತು. ದೊಡ್ಡ ಪಾನಾದ ಜಾಗ ಮಾತ್ರ ಖಾಲಿ; ಮೊಳೆಗೆ ಧೂಳು ಕಟ್ಟಿತ್ತು.

"ಇದೆಲ್ಲಿ?"

"ಕಳೆದುಹೋಗಿದೆ," ಎಂದರು ಮ್ಯಾನೇಜರ್.

"ಯಾವಾಗ?"

"ಬೇಸಿಗೆಯಲ್ಲಿ ಇರಬೇಕು."

ಮತ್ತೆ ಬೇಸಿಗೆ. ಮರುಳಪ್ಪನವರು ಹೊರಗೆ ಬಂದರು. ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದ ಹನುಮಂತರಾಯಪ್ಪ ಆಗ ಬಾಯಿಬಿಟ್ಟ. ಅವನು ಮಡಕಶಿರಾ ಕಡೆಯವನು.

"ಸ್ವಾಮಿ, ಆ ಸುಣ್ಣ, ಕೆಮ್ಮಣ್ಣು, ತಂಗಡಿ ಹೂವು... ಹೇಮಾವತಿ ಸುತ್ತ ನಮ್ಮೋರು ನೇಗಿಲಿಗೆ, ಮಚ್ಚಿಗೆ ಹಿಂಗೇ ಇಕ್ಕೋದು."

"ಬೆಳಿಗ್ಗೆನೇ ಹೇಳಾಕ ಏನಾಗಿತ್ತಲೇ ನಿನಗ?"

"ನಮ್ಮೂರೋರ ಮ್ಯಾಲೆ ನಾನೇ ಹೆಂಗೆ ಹೇಳಾನ ಅಂತ ಸುಮ್ಕಿದ್ದೆ ಸ್ವಾಮಿ."

ಮರುಳಪ್ಪನವರು ಅವನನ್ನು ಚೆನ್ನಾಗಿ ಬೈದರು. ಆಮೇಲೆ ಮ್ಯಾನೇಜರನ್ನು ಕೇಳಿದರು: ಮಡಕಶಿರಾ ಕಡೆಯ ಆಳು ಯಾರಾದರೂ ಇದ್ದಾರೆಯೇ? ಇಲ್ಲ. ಹಿಂದೆ ಇದ್ದರೇ? ಇಲ್ಲವೇ ಇಲ್ಲ. ಎರಡನೆಯ "ಇಲ್ಲ" ಕೊಂಚ ಬೇಗನೇ ಬಂತು.

ಗೇಟಿನ ಕಾವಲುಗಾರ ಬೊಮ್ಮಣ್ಣ ಮೊದಲು ತೊದಲಿದ. ಠಾಣೆಗೆ ನಡಿ ಎಂದದ್ದೇ ತಡ, ಎಲ್ಲ ಹೊರಗೆ ಬಂತು.

"ಇದ್ರಲ್ರಿ, ಇಬ್ರು ಅಣ್ಣತಮ್ಮ. ಚಿಕ್ಕತಿಮ್ಮಯ್ಯ, ಚಿತ್ತಪ್ಪ. ಟವರಿನ ಎಣ್ಣಿ ಬದಲಿ ಮಾಡೋದು, ಒರಸೋದು ಅವರದ ಕೆಲಸ. ಬ್ಯಾಸಿಗ್ಯಾಗ ಚಿತ್ತಪ್ಪ ಒಳಗಿದ್ದಾಗ ಫ್ಯಾನು ತಿರುಗಿಬಿಡ್ತು. ಹೋದ್ರಿ ಹುಡುಗ. ಹೆಣಾನೂ ಅವನ ಚೀಲಾನೂ ಲಾರಿಯಾಗ ಹಾಕಿ ಊರಿಗೆ ಕಳಿಸಿದ್ರು."

"ಠಾಣೆಗೆ ಯಾಕ ತಿಳಿಸಲಿಲ್ಲ?"

"ಮ್ಯಾನೇಜರ್ ಸಾಹೇಬ್ರು ತಿಳಿಸೀವಿ ಅಂದ್ರಲ್ರಿ?"

ಮರುಳಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ತಮ್ಮ ಠಾಣೆಯ ಹದ್ದಿನಲ್ಲಿ ಒಬ್ಬ ಸತ್ತಿದ್ದಾನೆ, ಅವರ ಕಿವಿಗೆ ಬಿದ್ದಿಲ್ಲ. ಗೇರಿನ ಹಲ್ಲು ಉದುರಿದ್ದಕ್ಕೆ ಮಾತ್ರ ಕಾರು ಓಡಿ ಬಂದಿದೆ.

"ಅಣ್ಣ ನಿನ್ನೆ ಬಂದಿದ್ನೇನು?"

"ಪೂಜಿ ದಿನ ಗೇಟು ತೆರದ ಇರತೈತ್ರಿ, ಯಾರ್ ಬೇಕಾದ್ರೂ ಬರ್ತಾರ." ಬೊಮ್ಮಣ್ಣ ಕಣ್ಣು ತಪ್ಪಿಸಿದ. "ಬಂದಿದ್ದ. ಸಂಜಿಕ ಎಲ್ಲಾರೂ ಆಫೀಸಿನ ಮುಂದ ಫಳಾರಕ್ಕ ಕುಂತಿದ್ವಿ. ಮಂಡಕ್ಕಿ ಕೊಟ್ಟೆ, ಒಲ್ಲೆ ಅಂದ. ಟವರಿನ ಕಡೆ ಹೋದ."

ಮರುದಿನ ಮರುಳಪ್ಪನವರೂ ಹನುಮಂತರಾಯಪ್ಪನೂ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದರು. ಏರಿನಲ್ಲಿ ಇಳಿದು ತಳ್ಳಿ, ಇಳುಕಲಿನಲ್ಲಿ ದೇವರನ್ನು ನೆನೆದು, ಮಡಕಶಿರಾ ಮುಟ್ಟುವ ಹೊತ್ತಿಗೆ ಖಾಕಿ ಬಟ್ಟೆಯೆಲ್ಲ ಮಸಿ. ಅಲ್ಲಿನ ಠಾಣೆಗೆ ತಿಳಿಸಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಹೇಮಾವತಿಯ ಹತ್ತಿರದ ಹಳ್ಳಿಗೆ ನಡೆದರು.

ಚಿಕ್ಕತಿಮ್ಮಯ್ಯನ ತಾಯಿ ಪಾಪಕ್ಕ ಪಡಸಾಲೆಯಲ್ಲಿ ಕೂತು ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗುವ ಬದಲು ಚಾಪೆ ಹಾಸಿದಳು.

"ಬನ್ನಿ ಸ್ವಾಮಿ, ಕುಂತ್ಕಳಿ. ಮಗ ತೋಟಕ್ಕೋಗವ್ನೆ, ಈಗ ಬತ್ತಾನೆ."

ಗೋಡೆಗೆ ಒರಗಿಸಿದ್ದ ನೇಗಿಲು, ಕುಡುಗೋಲು, ಮಚ್ಚು. ಎಲ್ಲಕ್ಕೂ ಸುಣ್ಣದ ಮೂರು ಪಟ್ಟೆ, ಕೆಮ್ಮಣ್ಣಿನ ಬೊಟ್ಟು, ಕಪ್ಪಗೆ ಮುರುಟಿದ ತಂಗಡಿ ಹೂವು. ಕೊನೆಯಲ್ಲಿ ಮಣೆಯ ಮೇಲೆ ಒಂದು ದೊಡ್ಡ ಪಾನಾ. ಅದರ ಹೂವು ಮಾತ್ರ ಇನ್ನೂ ಅಷ್ಟು ಬಾಡಿರಲಿಲ್ಲ.

"ಇದ್ರು ಹೂವು ಇನ್ನೂ ಹಳದಿ ಐತಲ್ಲಮ್ಮ?" ಹನುಮಂತರಾಯಪ್ಪ ಮೆಲ್ಲಗೆ ಕೇಳಿದ.

"ಅದುಕ್ಕೆ ಒಂದಿನ ತಡ ಆತು ಕಣಪ್ಪ. ನಮ್ ಚಿತ್ತಪ್ಪುನ್ ಪಾನಾ. ಹೆಣದ ಜತೆ ಚೀಲದಾಗೆ ಬಂತು. ಹಬ್ಬದ ದಿನ ಇನ್ನೂ ಕತ್ಲಿರಂಗೇ ದೊಡ್ಡೋನು ಅದುನ್ನ ತಗಂಡು ಎಲ್ಲಿಗೋ ಹೋಗಿದ್ದ. ಬ್ಯಾಡ ಕಣೋ ಅಂದೆ, ಕೇಳ್ಲಿಲ್ಲ. ಬಂದ್ಮ್ಯಾಲೆ ಇಕ್ಕಿದ್ವಿ."

ಹೆತ್ತ ತಾಯಿ ಮಗನಿಗೆ ಬೇಡಿ ತೊಡಿಸಿದ್ದಳು. ಅದು ಅವಳಿಗೆ ತಿಳಿಯಲಿಲ್ಲ. ಮರುಳಪ್ಪನವರು ಪಾನಾ ಎತ್ತಿ ನೋಡಿದರು. ಅದರ ಬಾಯಿಯಲ್ಲಿ ಹಸಿರು ಬಣ್ಣದ ಚೂರುಗಳಿದ್ದವು.

ಚಿಕ್ಕತಿಮ್ಮಯ್ಯ ಸೊಪ್ಪಿನ ಹೊರೆ ಹೊತ್ತು ಬಂದ. ಖಾಕಿ ಕಂಡು ಓಡಲಿಲ್ಲ. ಹೊರೆ ಇಳಿಸಿ ಅಂಗಳದಲ್ಲೇ ನಿಂತ.

"ಗೇರ್‌ಬಾಕ್ಸ್ ಬಿಚ್ಚಿದ್ರಾ ಸ್ವಾಮಿ?"

"ಬಿಚ್ಚಿಸಿದೆ. ಹಲ್ಲು ಒಂದೂ ಉಳಿದಿಲ್ಲ. ಗಾದಿಲಿಂಗಪ್ಪ ಲಾಕಪ್ಪಿನ್ಯಾಗ ಅದಾನ."

ಆಗ ಮಾತ್ರ ಅವನ ಮುಖ ಇಳಿಯಿತು. "ಅಯ್ಯೋ, ಅವ್ರ್ಯಾಕೆ? ಅವ್ರುನ್ನ ಬಿಟ್ಬಿಡಿ ಸ್ವಾಮಿ. ನಾನೇ ಮಾಡ್ದೋನು. ಮರಳು ಹಾಕ್ದೋನು ನಾನೇ."

"ಯಾಕ?"

"ತಮ್ಮುನ್ನ ಮಣ್ಣು ಮಾಡಿ, ಬಟ್ಟೆಬರೆ ತರಾನ ಅಂತ ಹೋದೆ. ಫ್ಯಾನು ತಿರುಗ್ತಾ ಇತ್ತು. ಹೆಣ ತೆಗ್ದ ಹೊತ್ನಾಗೇ ತೊಳ್ದು ತಿರುಗ್ಸಿದ್ರಂತೆ. ಒಂದಿನ ನಿಲ್ಲಿಸ್ಲಿಲ್ಲ ಸ್ವಾಮಿ. ಆವತ್ತಿಂದ ನನ್ ಕಿವೀಗೆ ಅದೇ ಸದ್ದು. ಅದು ನಿಲ್ಲಬೇಕಾಗಿತ್ತು, ಅಷ್ಟೇ."

"ಕೆಡಿಸಿದ ಮ್ಯಾಲೆ ಪೂಜಿ ಯಾಕ ಮಾಡಿದಿ? ಅದರಿಂದನ ಸಿಕ್ಕೊಂಡಿ ನೀನು."

"ಗೊತ್ತು. ಆದ್ರೆ ಅದುರ್ದೇನು ತಪ್ಪು? ತಿರುಗ್ಸಿದ್ರು, ತಿರುಗ್ತು. ನಾನೂ ನನ್ ತಮ್ಮನೂ ಎಣ್ಣೆ ಹಾಕಿ, ಒರ್ಸಿ ಸಾಕಿದ್ದು ಅದುನ್ನ. ಬಿಚ್ಚುವಾಗ ವಿಭೂತಿ ಎಲ್ಲಾ ಅಳಿಸೋತು. ಬರಿಮೈಯಾಗೆ ಬಿಟ್ಟು ಬರಾಕೆ ಮನಸಾಗ್ಲಿಲ್ಲ. ಅಮ್ಮ ಹಬ್ಬಕ್ಕೆ ಕಲಸಿದ್ದನ್ನ ಎಲೇಲಿ ಕಟ್ಕಂಡು ಹೋಗಿದ್ದೆ, ತಪ್ಪಾತು ಅಂತ ಇಕ್ಕಿ ಬಂದೆ."

ಮಧ್ಯಾಹ್ನ ಮೂರು ಗಂಟೆಗೆ ಚಿಕ್ಕತಿಮ್ಮಯ್ಯನನ್ನು ದಸ್ತಗಿರಿ ಮಾಡಲಾಯಿತು. ಪಾನಾವನ್ನು ಪಂಚರ ಸಮಕ್ಷಮ ವಶಕ್ಕೆ ತೆಗೆದುಕೊಳ್ಳಲಾಯಿತು. ಪಾಪಕ್ಕ ಅಳಲಿಲ್ಲ. ಇನ್ಸ್‌ಪೆಕ್ಟರ ಮುಖವನ್ನೇ ದಿಟ್ಟಿಸಿದಳು.

"ನಮ್ ಚಿಕ್ಕುಡುಗ ಸತ್ತಾಗ ಬಂದು ಬರ್ಕಂಡೋದೋರು ನೀವೇನಾ ಸ್ವಾಮಿ?"

"ಬರಕೊಂಡು ಹೋದ್ರು ಅಂತ ಯಾರು ಹೇಳಿದ್ರಮ್ಮ?"

"ಮೇನೇಜರು. ಪೊಲೀಸ್ನೋರು ಬಂದು ನೋಡಿ, ಹುಡುಗುಂದೇ ತಪ್ಪು ಅಂತ ಬರದವ್ರೆ ಅಂದ್ರು."

"ಯಾರೂ ಬಂದಿಲ್ಲಮ್ಮ. ನಮಗ ತಿಳಿಸೇ ಇಲ್ಲ."

ಪಾಪಕ್ಕ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಹಂಗಾರೆ... ನನ್ ಮಗುಂದೇ ತಪ್ಪು ಅಂತ ಯಾರೂ ಬರ್ದಿಲ್ವಾ?"

"ಇಲ್ಲ."

ಆಗ ಅವಳಿಗೆ ಅಳು ಬಂತು. ಮರುಳಪ್ಪನವರು ಅವಳ ಅಳು ಮುಗಿಯುವವರೆಗೆ ಕಾದು, ಹೊಸ ಹಾಳೆಯೊಂದನ್ನು ಮೊಣಕಾಲ ಮೇಲೆ ಹರಡಿಕೊಂಡರು. "ಈಗ ನೀವು ಹೇಳ್ರಿ, ನಾನು ಬರಿತೀನಿ," ಎಂದರು.

ಮರುದಿನ ರಾಯದುರ್ಗದಲ್ಲಿ ಗಾದಿಲಿಂಗಪ್ಪನನ್ನು ಬಿಡುಗಡೆ ಮಾಡಿದರು. ಅವನು ಹೊರಗೆ ಬಂದು ಚಿಕ್ಕತಿಮ್ಮಯ್ಯನನ್ನು ನೋಡಿದವನೇ ಅಲ್ಲೇ ಕುಸಿದು ಕೂತ.

"ಚಿತ್ತಪ್ಪ ಹೋದ ದಿನ ಸ್ವಿಚ್ ಹಾಕಿದ ಕೈ ನಂದ ರೀ. ಹುಡುಗ ಒಳಗ ಅದಾನ ಅಂದೆ. ಹೊರಗ ಬಂದಿರ್ತಾನ ಹಾಕು, ಮಾಲಕರು ನೋಡಾಕ ನಿಂತಾರ ಅಂದ್ರು ಮ್ಯಾನೇಜರ್. ಹಾಕಿಬಿಟ್ಟೆ. ಆ ತಾಯಿಯ ಒಬ್ಬ ಮಗನ್ನ ತಿಂದೀನಿ, ಇನ್ನೊಬ್ಬನ್ನ ಹೆಂಗ ಹಿಡ್ಕೊಡ್ಲಿ? ಕೆಮ್ಮಣ್ಣು ಕಂಡ ಕೂಡ್ಲೇ ಅವಂದ ಅಂತ ಗೊತ್ತಾತು, ಅದಕ್ಕ ಒರಸಾಕ ಹೋದೆ. ನಂದೂ ಬರ್ಕೊಳ್ರಿ, ಏನಾಗತೈತೋ ಆಗ್ಲಿ."

ಉಜ್ಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬಿಡಿಸಿಕೊಂಡು ಹೋಗಲು ಬಂದವಳು ಗಂಡನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಮರುಳಪ್ಪನವರು ಗಾದಿಲಿಂಗಪ್ಪನ ಹೇಳಿಕೆಯನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಮ್ಯಾನೇಜರಿಗೆ ಹೇಳಿಕಳಿಸಿದರು.

ಮ್ಯಾನೇಜರ್ ಬಂದವರೇ ಕಳ್ಳ ಸಿಕ್ಕನೇ ಎಂದೂ ಕೇಳಲಿಲ್ಲ. "ನಮ್ಮ ಗೇರ್‌ಬಾಕ್ಸು ಯಾವಾಗ ಬಿಟ್ಟುಕೊಡುತ್ತೀರಿ? ಹೊಸ ಹಲ್ಲು ಕೂರಿಸಿ ಈ ವಾರವೇ ಓಡಿಸಬೇಕು."

"ಕೂತ್ಕೊಳ್ರಿ," ಎಂದರು ಮರುಳಪ್ಪನವರು. "ಗೇರ್‌ಬಾಕ್ಸು ಈಗ ಎರಡು ಕೇಸಿನ ಮಾಲು. ಒಂದರಲ್ಲಿ ನೀವು ಫಿರ್ಯಾದಿ, ಇನ್ನೊಂದರಲ್ಲಿ ಆರೋಪಿ. ಎರಡೂ ಮುಗಿಯೋ ತನಕ ಆ ಫ್ಯಾನು ತಿರುಗೋದಿಲ್ಲ."

ಕಂಬಿಯ ಹಿಂದೆ ಚಿಕ್ಕತಿಮ್ಮಯ್ಯ ಈ ಮಾತು ಕೇಳಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಹನುಮಂತರಾಯಪ್ಪನನ್ನು ಕರೆದು ಕುಡಿಯಲು ನೀರು ಕೇಳಿದ. ಚೆಂಬು ತುಂಬ ನೀರು ಕುಡಿದು, ಗೋಡೆಗೆ ಒರಗಿ, ಕೂತಲ್ಲೇ ನಿದ್ದೆ ಹೋದ.